ದೀಪ ಹಚ್ಚಿ ಬಂದ ಮಗ್ಗದ ಮನೆ

ಚಳ್ಳಕೆರೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಮೊಳಕಾಲ್ಮುರಿನ ಬಸ್ಸು ಹಿಡಿದೆವು. ಜೊತೆಗಿದ್ದವಳು ಅಸೆನ್ಲಾ. ನಾಗಾಲ್ಯಾಂಡಿನವಳು, ದೊಡ್ಡಉಳ್ಳಾರ್ತಿ ಹತ್ತಿರದ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ನಾನು ಅಲ್ಲಿಯ ಗ್ರಂಥಾಲಯದವನು. ಅವಳ ತಾಯಿ ಮಗ್ಗದ ಪಟ್ಟಿಯನ್ನು ಸೊಂಟಕ್ಕೇ ಕಟ್ಟಿಕೊಂಡು, ನೆಲದ ಮೇಲೆ ಕೂತು ನೇಯುತ್ತಾರಂತೆ. ನಮ್ಮ ಕಡೆಯ ಮಗ್ಗ ನೋಡಬೇಕೆಂದು ಮೂರು ವರ್ಷದಿಂದ ಕೇಳುತ್ತಿದ್ದಳು.

ಕಂಡಕ್ಟರು ಅವಳನ್ನು ಬಿಟ್ಟು ನನ್ನನ್ನು ಕೇಳಿದ: "ಇವ್ರು ಚೈನಾದೋರಾ ಸಾರ್?"

"ನಮ್ಮ ದೇಶದೋರೇ ಕಣಯ್ಯ," ಎಂದು ಗದರಿದೆ. ಅವಳದು ಕರ್ನಾಟಕದ ಆಧಾರ್ ಅಲ್ಲವಾದ್ದರಿಂದ ಹೆಂಗಸರ ಉಚಿತ ಟಿಕೆಟ್ ಸಿಗಲಿಲ್ಲ. ಬಿ.ಜಿ. ಕೆರೆ ದಾಟುವಾಗ ಅವಳ ಊರಿನ ಗೆಳತಿಯ ಫೋನು ಬಂತು. ಸ್ಪೀಕರ್ ಹಾಕಿದಳು. "ಏ ಚಿಂಕಿ" ಎಂದಳು ಗೆಳತಿ. ಇವಳೂ ಅದೇ ಮಾತು ತಿರುಗಿಸಿದಳು. ಇಬ್ಬರೂ ನಕ್ಕರು, ನಾನೂ ನಕ್ಕೆ. ನಾನೂ ಅವರಲ್ಲೊಬ್ಬನಾದೆ ಎಂದುಕೊಂಡೆ.

ಮೊಳಕಾಲ್ಮುರಿನಲ್ಲಿ ಇಡ್ಲಿ ತಿಂದು ನರಸಮ್ಮನವರ ಮನೆಗೆ ಹೋದೆವು. ನನ್ನ ಹೆಂಡತಿಯ ರೇಷ್ಮೆ ಸೀರೆಗಳೆಲ್ಲ ಅವರು ನೇಯ್ದವೇ. ಕುಣಿಯಲ್ಲಿ ಕಾಲಿಳಿಸಿ ಮಗ್ಗದಲ್ಲಿ ಕೂತಿದ್ದ ಅವರಿಗೆ ಸಲುಗೆಯಿಂದ ಹೇಳಿದೆ: "ಇವಳು ನಮ್ಮ ಚಿಂಕಿ."

"ಅಂದ್ರೇನ್ ಸಾರ್? ಹೆಸ್ರಾ?"

ಅಸೆನ್ಲಾಳೇ ಮೂರು ವರ್ಷದಲ್ಲಿ ಕಲಿತ ಕನ್ನಡದಲ್ಲಿ ಹೇಳಿದಳು: "ಕಣ್ಣು ಸಣ್ಣ ಇದೆ ಅಂತ ನಮಗೆ ಬಯ್ಯೋ ಮಾತು, ಅಮ್ಮ."

ನರಸಮ್ಮ ಲಾಳಿ ಕೆಳಗಿಟ್ಟರು. "ಬೈಗುಳದಾಗೇ ಕರ್ಕಂಡ್ ಬಂದ್ರಾ ಸಾರ್, ಈ ಹುಡ್ಗೀನ?"

"ಪ್ರೀತಿಯಿಂದ ಅಂದಿದ್ದಮ್ಮ."

"ಪ್ರೀತಿ ಇದ್ರೆ ಕರ್ಯಾಕೆ ಹೆಸ್ರೈತಲ್ಲ."

ನೂಲಿನ ಮುಂದೆ ಯಾರಾದರೂ ಬೈಗುಳ ಆಡಿದರೆ ಆ ಮನೆಯಲ್ಲಿ ಮಗ್ಗ ನಿಲ್ಲುತ್ತದೆ. ಆಡಿದವರೇ ದೀಪ ಹಚ್ಚಬೇಕು, ಆಮೇಲೆ ಲಾಳಿ ಓಡುವುದು. ಬೆಂಕಿಪೊಟ್ಟಣ ನನ್ನ ಕೈಗೆ ಬಂತು. ಎರಡು ಕಡ್ಡಿ ವ್ಯರ್ಥವಾದವು. ಐವತ್ತು ದಾಟಿದವನಿಗೆ ಅಷ್ಟು ನಾಚಿಕೆಯಾದದ್ದು ನೆನಪಿಲ್ಲ. ದೀಪ ಹತ್ತಿದ ಮೇಲೆ ನರಸಮ್ಮ ಪಕ್ಕಕ್ಕೆ ಸರಿದು ಅಸೆನ್ಲಾಳನ್ನು ಮಗ್ಗಕ್ಕೆ ಕೂರಿಸಿಕೊಂಡರು. ಹರಿದಿದ್ದ ಒಂದು ಎಳೆಗೆ ಅವಳು ತನ್ನ ತಾಯಿಯಂತೆ ಗಂಟು ಹಾಕಿ ತೋರಿಸಿದಳು. ಮುದುಕಿ ಅದನ್ನು ಬಿಚ್ಚದೆ ಹಾಗೇ ಬಿಟ್ಟರು.

ಮಧ್ಯಾಹ್ನದ ಬಿಸಿಲಲ್ಲಿ ವಾಪಸು ಬಸ್ಸು ಹತ್ತಿದೆವು. ತಪ್ಪಾಯಿತು ಎಂದೆ.

"ನೀವು ಕೆಟ್ಟ ಮನಸ್ಸಿನಿಂದ ಹೇಳಿಲ್ಲ ಸರ್, ಗೊತ್ತು," ಎಂದಳು. "ದಿಲ್ಲಿಯಲ್ಲಿ ಓದುವಾಗ ಆ ಮಾತಿನ ಹಿಂದೆ ಕಲ್ಲು ಬರ್ತಿತ್ತು. ಈಗಲೂ ಯಾರಾದ್ರೂ ಅಂದ್ರೆ ಮೊದಲು ಅವರ ಕೈ ನೋಡ್ತೀನಿ."

"ನಿನ್ನ ಗೆಳತಿ ಆ ಮಾತು ಅಂದರೆ?"

"ದಿಲ್ಲಿಯಲ್ಲಿ ಆ ಕಲ್ಲಿಗೆ ಅವಳೂ ನನ್ನ ಜೊತೆ ಓಡಿದೋಳು."

ಬಿ.ಜಿ. ಕೆರೆ ಬಂತು, ಹೋಯಿತು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ವಾಸನೆ ಬರುವ ಹೊತ್ತಿಗೆ ಅವಳ ಫೋನು ಮತ್ತೆ ರಿಂಗಾಯಿತು. ಅದೇ ಗೆಳತಿ. ಬೆಳಿಗ್ಗೆ ಸ್ಪೀಕರ್ ಹಾಕಿದ್ದವಳು ಈಗ ಫೋನನ್ನು ಕಿವಿಗೆ ಒತ್ತಿಕೊಂಡು, ಕಿಟಕಿಯ ಕಡೆ ತಿರುಗಿ ನಕ್ಕಳು.