ನಲವತ್ತು ನಂಬರಿನ ಆಯಿಲ್

ಊಟಕ್ಕೆ ಕೂತರೆ ನಮ್ಮಪ್ಪನಿಗೆ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅವ್ವ ಒಂದು ದಿನ ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿ ಪರೀಕ್ಷೆ ಮಾಡಿದಳು. ಅಪ್ಪ ಇನ್ನೊಂದು ಸಲ ಹಾಕಿಸಿಕೊಂಡು ಉಂಡೆದ್ದರು. ಅದೇ ಮನುಷ್ಯ ಎಂಜಿನ್ ಆಯಿಲ್ ವಿಷಯಕ್ಕೆ ಬಂದರೆ ಬೇರೆಯೇ ಆಗಿಬಿಡುತ್ತಿದ್ದರು. ಅಂಗಡಿಯವನು ಡಬ್ಬ ಕೊಟ್ಟರೆ ಮುಚ್ಚಳ ಬಿಚ್ಚಿ ಮೂಸುವರು. ಒಂದು ಹನಿ ಹೆಬ್ಬೆರಳಿಗೆ ಹಾಕಿಕೊಂಡು ತೋರುಬೆರಳಿನಿಂದ ಉಜ್ಜುವರು. ಆಮೇಲೆ ಎರಡೂ ಬೆರಳನ್ನು ಮೆಲ್ಲಗೆ ಅಗಲಿಸಿ, ನಡುವೆ ಎಳೆ ಎಷ್ಟುದ್ದ ಬರುತ್ತದೆಂದು ಬೆಳಕಿಗೆ ಹಿಡಿದು ನೋಡುವರು. "ನನ್ನ ನೋಡೋಕೆ ಬಂದಾಗ್ಲೂ ಇಷ್ಟೊತ್ತು ನೋಡ್ಲಿಲ್ಲ ನಿಮ್ಮಪ್ಪ" ಎಂದು ಅವ್ವ ಅನ್ನುತ್ತಿದ್ದಳು.

ಇದು ತೊಂಬತ್ತರ ದಶಕದ ಮಾತು. ನಾವಿದ್ದದ್ದು ಅರಸೀಕೆರೆಯಲ್ಲಿ, ನಾನು ಅಲ್ಲೇ ಒಂದು ಆಫೀಸಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಅಪ್ಪ ಮಿಲಿಟರಿಯಲ್ಲಿ ಲಾರಿ ಡ್ರೈವರ್ ಆಗಿದ್ದವರು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ, ಮಿಲಿಟರಿಯವರು ಹರಾಜಿಗಿಟ್ಟಿದ್ದ ಹಳೆಯ ಲಾರಿಯೊಂದನ್ನು ಕೊಂಡರು. ಹರೆಯದಲ್ಲಿ ಹಿಮದಲ್ಲಿ, ಮರಳಿನಲ್ಲಿ ಓಡಿಸಿದಂಥದ್ದೇ ಲಾರಿ. ಉದ್ದನೆಯ ಮೂತಿ, ದಪ್ಪ ಟೈರು, ಎಂಥ ಕೆಸರಿನಲ್ಲೂ ನಾಲ್ಕೂ ಚಕ್ರ ಎಳೆಯುವ ಶಕ್ತಿ. ಅದೇ ಹರಾಜಿನಲ್ಲಿ ಅದರ ಜೋಡಿಯಂಥ ಇನ್ನೊಂದನ್ನು ಕೊಂಡವರು ಅಪ್ಪನ ಜೊತೆಯಲ್ಲೇ ಡ್ರೈವರ್ ಆಗಿದ್ದ ಗೆಳೆಯ. ಅವರ ಊರು ಹಳೇಬೀಡಿನ ಹತ್ತಿರದ ಹುಲಿಕೆರೆ. ನಾನು ಅವರನ್ನು ಮಾಮ ಎಂದೇ ಕರೆಯುತ್ತಿದ್ದೆ.

ಮಳೆಗಾಲದಲ್ಲಿ ಬಿಕ್ಕೋಡಿನ ಆಚೆ ಕಾಫಿ ತೋಟಗಳ ಏರು ಹತ್ತಬೇಕಾದರೆ ಬೇರೆ ಲಾರಿಯವರು ಕೈಮುಗಿದು ಹಿಂದೆ ಸರಿಯುತ್ತಿದ್ದರು. ಇವೆರಡು ಮಾತ್ರ ಗೊಬ್ಬರವನ್ನೋ ಮರದ ದಿಮ್ಮಿಯನ್ನೋ ಹೊತ್ತು ಗೊರಗೊರ ಎನ್ನುತ್ತ ಹತ್ತುತ್ತಿದ್ದವು. ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಒಂದು ಕೆಟ್ಟರೆ ಇನ್ನೊಂದರಿಂದ ಬಿಚ್ಚಿ ಹಾಕುವುದು, ಸದ್ಯದ ಕೆಲಸ ಮುಗಿದ ಮೇಲೆ ವಾಪಸು ಕೊಡುವುದು. ಕೊಡುವುದು ಮರೆತುಹೋಗಿ ಕಡೆಗೆ ಯಾವ ಲಾರಿಯಲ್ಲಿ ಯಾರ ಡೈನಮೋ ಇದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ಲಾರಿಯ ಕನ್ನಡಿಯ ಪಕ್ಕ ಬುದ್ಧನ ಪಟ, ಬುದ್ಧ ಪೂರ್ಣಿಮೆಗೆ ಲಾರಿಗೆ ಸ್ನಾನ. ಮಾಮನ ಲಾರಿಗೆ ಆಯುಧಪೂಜೆ, ನಿಂಬೆಹಣ್ಣು, ಬೂದುಗುಂಬಳ. ಎರಡು ದಿನವೂ ಎರಡು ಮನೆಯವರೂ ಒಟ್ಟಿಗೆ ಉಣ್ಣುತ್ತಿದ್ದೆವು.

ಅಪ್ಪ ಆ ಎಂಜಿನ್ನನ್ನು ನೋಡಿಕೊಂಡ ರೀತಿ ನೆನೆದರೆ ನನಗೆ ಈಗಲೂ ಹೆಮ್ಮೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊರಡುವಂತಿಲ್ಲ. "ಎದ್ದೇಟಿಗೆ ನಿನ್ನ ಓಡು ಅಂದ್ರೆ ಓಡ್ತೀಯಾ? ಆಯಿಲ್ ಮೇಲಕ್ಕೆ ಏರ್ಬೇಕು, ಸುಮ್ಕಿರು" ಎನ್ನುವರು. ಸಂಜೆ ಬಂದು ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೇ ಓಡಲು ಬಿಟ್ಟು ಆಮೇಲೆ ಆಫ್ ಮಾಡುವರು. ಫಿಲ್ಟರನ್ನು ಸ್ವತಃ ಡೀಸೆಲ್‌ನಲ್ಲಿ ತೊಳೆಯುವರು. ಆಯಿಲ್ ಪ್ರೆಷರ್ ತೋರಿಸುವ ಮುಳ್ಳಿನ ಮೇಲೆ ಅವರಿಗಿದ್ದ ನಿಗಾ ನನ್ನ ಪರೀಕ್ಷೆಯ ಅಂಕಗಳ ಮೇಲೆ ಎಂದೂ ಇರಲಿಲ್ಲ. ಇಷ್ಟೆಲ್ಲ ಮಾಡಿ, ಅದನ್ನು ಊರಿಗೆಲ್ಲ ಹೇಳಿಕೊಂಡು ಬರುವರು. ವಿನಯ ಗಿನಯ ನಮ್ಮಪ್ಪನ ಹತ್ತಿರ ಸುಳಿದದ್ದಿಲ್ಲ.

ಜಗಳ ಹುಟ್ಟಿದ್ದು ಯಾವ ಆಯಿಲ್ ಹಾಕಬೇಕೆಂಬುದರ ಮೇಲೆ. ಅಪ್ಪನದು ನಲವತ್ತು ನಂಬರಿನ ದಪ್ಪ ಆಯಿಲ್, ಹಳೇ ಕಾಲದ್ದು. "ಹಳೇ ಎಂಜಿನ್, ಒಳಗೆಲ್ಲ ಸವೆದು ಸಂದು ಬಿದ್ದೈತೆ. ದಪ್ಪ ಆಯಿಲ್ ಆದ್ರೆ ಸಂದಿನಾಗೆ ನಿಲ್ತದೆ" ಎನ್ನುವುದು ಅವರ ವಾದ. ಅದೇ ಹೊತ್ತಿಗೆ ಹೊಸ ತರಹದ ತೆಳು ಆಯಿಲ್ ಚಿನ್ನದ ಬಣ್ಣದ ಡಬ್ಬದಲ್ಲಿ ಅಂಗಡಿಗಳಿಗೆ ಬಂದಿತ್ತು. ಮಾಮ ಅದಕ್ಕೆ ಮನಸೋತರು. ತೋಟದ ಚಳಿಗೆ ಅದೇ ಸರಿ, ಒಳಗಿನ ಕೊಳೆಯನ್ನೂ ತೊಳೆಯುತ್ತದೆ, ಅದಕ್ಕೇ ಬೇಗ ಕಪ್ಪಾಗುತ್ತದೆ ಎಂದು ಅವರ ವಾದ. "ತೊಳೆದ ಕೊಳೆ ಎಲ್ಲೋಯ್ತದ್ಲಾ? ಒಳಗೇ ತಿರುಗಿ ಆಯಿಲ್ ಹೋಗೋ ದಾರೀನೇ ಕಟ್ತದೆ" ಎಂದು ಅಪ್ಪ ಕೂಗುವರು. ಇಬ್ಬರೂ ಬಾಡಿಗೆ ಮುಗಿಸಿ ಸೇರುತ್ತಿದ್ದದ್ದು ಬೇಲೂರು ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನಲ್ಲಿ. ಇವರ ಜಗಳ ಕೇಳಲೆಂದೇ ಜನ ಇನ್ನೊಂದು ಕಾಫಿ ಹೇಳುತ್ತಿದ್ದರಂತೆ.

ಒಂದು ದಿನ ಮಾತು ಮೀರಿತು. "ನಿಂದು ಆಯಿಲ್ಲೇನ್ಲಾ? ಎತ್ತಿನಗಾಡಿಗೆ ಹಾಕೋ ಕೀಲೆಣ್ಣೆ!" ಎಂದರು ಮಾಮ, ತುಂಬಿದ ಹೋಟೆಲಿನಲ್ಲಿ. ಎಲ್ಲರೂ ಹೋ ಎಂದು ನಕ್ಕರು. ಅಪ್ಪ ಅರ್ಧ ಕಾಫಿ ಬಿಟ್ಟು ಎದ್ದು ಬಂದರು. ಅಲ್ಲಿಗೆ ಮಾತು ನಿಂತಿತು. ಆ ವರ್ಷ ಬುದ್ಧ ಪೂರ್ಣಿಮೆಗೆ ಅವರು ಬರಲಿಲ್ಲ, ಆಯುಧಪೂಜೆಗೆ ನಾವು ಹೋಗಲಿಲ್ಲ. ಮುಂದಿನ ವರ್ಷವೂ ಅಷ್ಟೆ. ಅವ್ವ ಒಬ್ಬಳೇ, "ಎಣ್ಣೆಗೋಸ್ಕರ ಮಾತು ಬಿಟ್ಟೋರನ್ನ ಇಲ್ಲೇ ಕಂಡಿದ್ದು" ಎಂದು ಗೊಣಗುವಳು.

ಆಮೇಲಿನ ಮಳೆಗಾಲ. ಬಿಕ್ಕೋಡಿನ ಏರಿನಲ್ಲಿ ನಮ್ಮ ಲಾರಿಯ ಮುಳ್ಳು ಇದ್ದಕ್ಕಿದ್ದಂತೆ ಕೆಳಕ್ಕೆ ಬಿತ್ತು, ಒಳಗೆ ಟಕಟಕ ಶುರುವಾಯಿತು. ಬೇರಿಂಗ್ ಹೋಗಿತ್ತು, ಅದರ ಜೊತೆಗೆ ಎಂಜಿನ್ನಿನ ಬೆನ್ನುಮೂಳೆಯಂಥ ಕ್ರ್ಯಾಂಕೂ. ವಯಸ್ಸಾಗಿತ್ತು ಎಂಜಿನ್‌ಗೆ, ಇನ್ನೇನು? ಎಳೆಸಿಕೊಂಡು ಬಂದು ಮನೆಯ ಹಿಂದೆ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಅಂಥ ಕ್ರ್ಯಾಂಕ್ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಅಪ್ಪ ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ಊಟ ಬಡಿಸಿದರೆ ಉಂಡರು, ಇಲ್ಲದಿದ್ದರೆ ಇಲ್ಲ. ಕಡೆಗೊಂದು ಬೆಳಿಗ್ಗೆ ಗುಜರಿಯವನು ಬಂದು ಲಾರಿಯನ್ನು ಸುತ್ತಿ ನೋಡಿ, ಗ್ಯಾಸ್ ಕಟರ್ ತರುತ್ತೇನೆ, ಬರುವ ಸೋಮವಾರ ತುಂಡು ಮಾಡಿ ಒಯ್ಯುತ್ತೇನೆ ಎಂದ. ಅಪ್ಪ ಹೂಂ ಅಂದುಬಿಟ್ಟರು.

ನನಗೆ ಕೋಪ ಮೂಗಿನ ತುದಿಯಲ್ಲೇ. ಆಫೀಸಿಗೆ ರಜೆ ಹಾಕಿ ಹಳೇಬೀಡಿನ ಬಸ್ಸು ಹತ್ತಿದೆ, ಅಲ್ಲಿಂದ ಆಟೋ ಹಿಡಿದು ಹುಲಿಕೆರೆಗೆ ಹೋದೆ. ಊರಿನ ಹಳೇ ಕೊಳಕ್ಕೆ ಹೋಗುವ ದಾರಿಯಲ್ಲಿ ಮಾಮನ ಮನೆ. ಅಂಗಳದಲ್ಲಿ ಅವರ ಲಾರಿ ಟಾರ್ಪಾಲು ಹೊದ್ದು ನಿಂತಿತ್ತು. ಮಾಮನಿಗೆ ಕಣ್ಣಿನ ಆಪರೇಷನ್ ಆಗಿ, ಮತ್ತೆ ಲೈಸೆನ್ಸ್ ಸಿಗದೆ, ಓಡಿಸುವುದು ನಿಂತುಹೋಗಿತ್ತು. ಆದರೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡುತ್ತಿದ್ದರು.

"ನಿಮ್ಮ ಲಾರಿ ಸುಮ್ಮನೆ ನಿಂತಿದೆ, ನಮ್ಮದು ಸೋಮವಾರ ಗುಜರಿಗೆ ಹೋಗುತ್ತೆ. ನಿಮಗೆ ಏನೂ ಅನ್ನಿಸಲ್ವಾ ಮಾಮ?" ಎಂದೆ, ಕೂತುಕೊಳ್ಳುವ ಮೊದಲೇ.

ಮಾಮ ಟಾರ್ಪಾಲಿನ ಅಂಚು ಎಳೆದು ಸರಿಮಾಡಿದರು. "ಎಂಜಿನ್ ಬಿಚ್ಕೊಂಡ್ ಹೋಗವ್ವ, ನಂಗೇನು?" ಎಂದರು. ನನಗೆ ಕಣ್ಣು ತುಂಬಿತು. ಅಷ್ಟರಲ್ಲೇ, "ಒಂದೇ ಮಾತು. ಬೇಲೂರು ಹೋಟ್ಲಾಗೆ ನಾಕು ಜನದ ಮುಂದೆ, ನಿನ್ ಆಯಿಲ್ಲೇ ಸರಿ ಅಂತ ನಿಮ್ಮಪ್ಪ ಹೇಳ್ಬೇಕು" ಎಂದು ಸೇರಿಸಿದರು. ಬಂದ ಕಣ್ಣೀರು ಅಲ್ಲೇ ಇಂಗಿತು. ಏನು ಗಂಡಸರಪ್ಪ ಇವರು!

ಅಪ್ಪನಿಗೆ ಹೇಳಿದೆ. "ತುಂಡಾಗಿ ಹೋದ್ರೂ ಸೈ, ಆ ಮಾತು ನನ್ ಬಾಯಾಗೆ ಬರಲ್ಲ" ಎಂದರು. ಆದರೆ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆ ನೀರು ಮಜ್ಜಿಗೆ ಕುಡಿದ ಎಂಜಿನ್ನು ಇನ್ನೂ ಉಳಿದಿದ್ರೆ ತಾನೆ? ಹೋಗಿ ನೋಡೇ ಬಿಡಾನ ನಡಿ" ಎಂದರು. ಕೆಟ್ಟಿರಲಿ ಎಂದು ಅವರ ಆಸೆ. ಕೆಟ್ಟಿದ್ದರೆ ಯಾರಿಗೂ ತಲೆ ತಗ್ಗಿಸಬೇಕಾಗಿರಲಿಲ್ಲ. ಲಾರಿಯೂ ಉಳಿಯಬೇಕು, ಜಂಬವೂ ಉಳಿಯಬೇಕು. ಎರಡೂ ಎಲ್ಲಿ ಆಗುತ್ತದೆ?

ಭಾನುವಾರ ಹೋದೆವು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಮಾಮ ಟಾರ್ಪಾಲು ಎಳೆದು, ಹತ್ತಿ ಸ್ಟಾರ್ಟ್ ಮಾಡಿದರು. ಅಯ್ಯೋ, ಆ ಸದ್ದು! ಒಂದು ಕಟಕಟ ಇಲ್ಲ, ಒಂದು ತಡವರಿಕೆ ಇಲ್ಲ. ಎಂಜಿನ್ ಬಿಸಿಯಾದ ಮೇಲೂ ಪ್ರೆಷರಿನ ಮುಳ್ಳು ಎದ್ದೇ ನಿಂತಿತ್ತು. ಬಾನೆಟ್ ಮೇಲೆ ಅಂಗೈ ಊರಿ ನಿಂತಿದ್ದ ಅಪ್ಪನ ಮುಖ ಬಾಡಿಹೋಯಿತು. ಜೀವಮಾನವೆಲ್ಲ ಹೇಳಿಕೊಂಡು ಬಂದದ್ದು ಸುಳ್ಳೆಂದು ಆ ಎಂಜಿನ್ನು ಅವರ ಮುಂದೆಯೇ ಹೇಳುತ್ತಿತ್ತು. ನನಗೆ ಸಂಕಟವಾಯಿತು. ಜಂಬದ ಮನುಷ್ಯ ಹಾಗೆ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ.

ಮಾಮ ಆಫ್ ಮಾಡಿದರು. ಅಪ್ಪನ ಕೈ ಅಭ್ಯಾಸಬಲದಿಂದ ಆಯಿಲ್ ನೋಡುವ ಕಡ್ಡಿಯ ಕಡೆಗೆ ಹೋಯಿತು.

"ಅದೇನ್ ನೋಡ್ತೀಯ ಬಿಡ್ಲಾ, ಮೊನ್ನೆ ನಾನೇ ನೋಡಿವ್ನಿ" ಎಂದು ಮಾಮ ಗಡಬಡಿಸಿ ಕೆಳಗಿಳಿದರು. ಅಷ್ಟು ಹೊತ್ತಿಗೆ ಕಡ್ಡಿ ಅಪ್ಪನ ಕೈಯಲ್ಲಿತ್ತು.

ಕಡ್ಡಿಯ ತುದಿಯ ಆಯಿಲ್ ಕಪ್ಪಗಿರಲಿಲ್ಲ. ಜೋನಿಬೆಲ್ಲದ ಹಾಗೆ ಕಂದು ಬಣ್ಣಕ್ಕೆ, ದಪ್ಪಗೆ ಅಂಟಿಕೊಂಡಿತ್ತು. ಅಪ್ಪ ಹೆಬ್ಬೆರಳಿಗೆ ಒರೆಸಿಕೊಂಡರು, ಉಜ್ಜಿದರು, ಮೂಸಿದರು. ಬೆರಳು ಅಗಲಿಸಿ ಬೆಳಕಿಗೆ ಹಿಡಿದರು. ಉದ್ದನೆಯ ಎಳೆ ಬಂತು. ನಲವತ್ತು! ಅಪ್ಪಟ ನಲವತ್ತು ನಂಬರಿನ ಆಯಿಲ್, ಅಪ್ಪ ಹಾಕುವಂಥದ್ದೇ! ಆ ತೆಳು ಆಯಿಲನ್ನು ಎಂದೋ ಬಿಟ್ಟು, ಬಾಯಲ್ಲಿ ಮಾತ್ರ ಅದನ್ನೇ ಹೊಗಳಿಕೊಂಡು ತಿರುಗಿದ್ದರು ಈ ಮಾಮ.

ನನಗೆ ತಡೆಯಲಾಗಲಿಲ್ಲ. "ಮಾಮ, ಇದು..." ಎಂದು ಬಾಯಿ ತೆರೆದೆ. ಅಪ್ಪ ನನ್ನ ಕಾಲನ್ನು ಬಲವಾಗಿ ತುಳಿದರು. ಮಿಲಿಟರಿ ಬೂಟು ಹಾಕಿದ್ದ ಕಾಲು! ಪ್ರಾಣ ಹೋದ ಹಾಗಾಯಿತು. ಕಡ್ಡಿಯನ್ನು ಒರೆಸಿ, ಇದ್ದ ಜಾಗಕ್ಕೆ ತೂರಿಸಿ, "ಚೆನ್ನಾಗೈತೆ ಕಣ್ಲಾ ನಿನ್ ಆಯಿಲ್ಲು. ನಡಿ, ಬೇಲೂರಿಗೆ ಹೋಗಾನ" ಎಂದರು. ಮಾಮ ಟಾರ್ಪಾಲಿನ ಹಗ್ಗ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದರು.

ಅದೇ ಹೋಟೆಲು, ಅದೇ ಜನ. ಅಪ್ಪ ಕೂರಲೂ ಇಲ್ಲ. "ಕೇಳ್ರಪ್ಪ, ಇವನ ಆಯಿಲ್ಲೇ ಸರಿ. ನಾನೇ ಸೋತೆ" ಎಂದರು, ಕೊನೆಯ ಮೇಜಿನವರಿಗೂ ಕೇಳುವಂತೆ. ಹೋಟೆಲು ಬಿದ್ದು ಬಿದ್ದು ನಕ್ಕಿತು. ಯಾರೋ "ಕೀಲೆಣ್ಣೆ ಯಜಮಾನ್ರಿಗೆ ಒಂದು ಕಾಫಿ!" ಎಂದು ಕೂಗಿದರು. ಅಪ್ಪನೂ ನಕ್ಕರು. ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಗೆದ್ದ ಮನುಷ್ಯ ಹೀಗೆ ನಗಿಸಿಕೊಳ್ಳುವುದೇ? ನಾನಾಗಿದ್ದರೆ ಬೇಲೂರು ಪೇಟೆಗೆಲ್ಲ ಡಂಗುರ ಸಾರುತ್ತಿದ್ದೆ. ಮಾಮ ನಗಲಿಲ್ಲ. "ಸಾಕು ಕೂತ್ಕೊಳ್ಲಾ" ಎಂದು ಅಪ್ಪನ ಅಂಗಿ ಹಿಡಿದೆಳೆದು, ಬಂದ ಕಾಫಿಯನ್ನು ಮೊದಲು ಅಪ್ಪನ ಮುಂದೆ ಸರಿಸಿದರು.

ಸೋಮವಾರ ಗುಜರಿಯವನು ಬರಿಗೈಯಲ್ಲಿ ಹಿಂದಿರುಗಿದ. ಕೆಲವು ದಿನಗಳಲ್ಲಿ ಚೈನ್ ಪುಲ್ಲಿ ಕಟ್ಟಿ ಮಾಮನ ಎಂಜಿನ್ನನ್ನು ನಮ್ಮ ಲಾರಿಗೆ ಇಳಿಸಿ ಕೂರಿಸಿದ್ದಾಯಿತು. ಆಯಿಲ್ ತುಂಬುವುದೊಂದು ಬಾಕಿ. ಅಕ್ಕಪಕ್ಕದವರಲ್ಲದೆ ಬೇಲೂರು ಹೋಟೆಲಿನ ಕೆಲವರೂ ನೋಡಲು ಬಂದಿದ್ದರು. ಮಾಮ ಬಸ್ಸಿನಲ್ಲಿ ಬಂದಿಳಿದರು. ಕೈಯಲ್ಲಿ ಚಿನ್ನದ ಬಣ್ಣದ ಡಬ್ಬ.

ಆಡಿದ ಮಾತಿಗೆ ಕಟ್ಟುಬಿದ್ದು ಅಪ್ಪ ಆ ತೆಳು ಆಯಿಲನ್ನೇ ಹಾಕಿಸಿಕೊಂಡುಬಿಟ್ಟರೆ? ಉಳಿದ ಒಂದೇ ಎಂಜಿನ್ನಿನ ಗತಿ? ಅಪ್ಪ ಆಲಿಕೆ ಇಟ್ಟು ಹಿಡಿದುಕೊಂಡರು. ಮಾಮ ಡಬ್ಬ ಬಗ್ಗಿಸಿದರು. ಮೊದಲು ಏನೂ ಬೀಳಲಿಲ್ಲ. ಆಮೇಲೆ ಡಬ್ಬದ ಬಾಯಿಂದ ದಪ್ಪನೆಯ ಧಾರೆಯೊಂದು ನಿಧಾನವಾಗಿ, ಬಲು ನಿಧಾನವಾಗಿ ಇಳಿಯತೊಡಗಿತು. ಚಿನ್ನದ ಡಬ್ಬದ ತುಂಬ ನಲವತ್ತು.

ಅಪ್ಪ ಆ ಧಾರೆಯನ್ನೇ ನೋಡಿದರು. ಆಮೇಲೆ ಸುತ್ತ ನಿಂತವರ ಕಡೆ ತಿರುಗಿ, "ನೋಡ್ರಪ್ಪ, ಹೊಸ ಆಯಿಲ್ಲು ಹೆಂಗೆ ನೀರಿನಂಗೆ ಇಳೀತೈತೆ!" ಎಂದರು.

ಜನ ತಲೆಯಾಡಿಸಿದರು. ಮಾಮ ನಗುತ್ತಲೋ ಅಳುತ್ತಲೋ ತೋಳಿನಿಂದ ಮುಖ ಒರೆಸಿಕೊಳ್ಳಲು ಹೋಗಿ ಡಬ್ಬ ಜಾರುವ ಹಾಗಾಯಿತು. ಅಪ್ಪ ಒಂದು ಕೈಯಿಂದ ಅದರ ತಳ ಹಿಡಿದರು. ಡಬ್ಬ ಬರಿದಾಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಇಬ್ಬರೂ ಹಾಗೇ ಹಿಡಿದುಕೊಂಡು ಕಾದರು.