ಏತದ ಪದ್ಯ ಮತ್ತು ಬಿಟ್ಟುಹೋದ ಸಾಲು

ನಿನ್ನೆ ಸೈಕಲ್ ರಿಪೇರಿಯವನು ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಆ ವಾಸನೆಗೆ ಮಂಡ್ಯದ ಹಳೆಯ ಅಚ್ಚುಕೂಟ ನೆನಪಾಯಿತು, ಜೊತೆಗೆ ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಸಾಬರು. ಅವರ ಮುಖ ಸರಿಯಾಗಿ ನೆನಪಿಲ್ಲ. ಗಡ್ಡ ಇತ್ತೆಂದು ಬರೆಯಹೊರಟೆ. ಇತ್ತೋ ಇಲ್ಲವೋ… ಬೆರಳುಗಳು ಮಾತ್ರ ಖಂಡಿತ ನೆನಪಿವೆ. ಅವರು ಖಾನೆಗಳತ್ತ ನೋಡದಿದ್ದರೂ ಅವು ಸೀಸದ ಅಕ್ಷರಗಳನ್ನು ಹೆಕ್ಕುತ್ತಿದ್ದವು.

ಮೂವತ್ತರ ದಶಕ. ನಾನು ಮದ್ದೂರಿನಲ್ಲಿ ಹೊಸ ಮೇಷ್ಟ್ರು. ಅಚ್ಚುಕೂಟದ ಯಜಮಾನರು ನಡೆಸುತ್ತಿದ್ದ ಮಾಸಪತ್ರಿಕೆಗೆ ನಾಲೆಯ ಮೇಲೊಂದು ಪ್ರಬಂಧ ಕೊಟ್ಟಿದ್ದೆ. ಅಚ್ಚಾಗಲಿದ್ದ ನನ್ನ ಮೊದಲ ಬರಹ. ಪ್ರಬಂಧದೊಳಗೆ ಸ್ವಂತ ಪದ್ಯ ಹಾಕುವುದು ಬರೀ ಜಂಬ, ಅಂಥದ್ದನ್ನು ಅಚ್ಚು ಹಾಕುವುದಿಲ್ಲ ಎಂದು ಯಜಮಾನರು ಮೊದಲೇ ಹೇಳಿದ್ದರು. ಗದ್ಯ ಸಾಲದೆ ಹೋದ ಕಡೆ ನನಗೆ ಪದ್ಯ ಬೇಕಾಗಿತ್ತು. ಹಾಗಾಗಿ ‘ಪ್ರಾಚೀನ ಕವಿಯೊಬ್ಬ ಹೇಳಿದಂತೆ’ ಎಂದು ಬರೆದು, ಕೆಳಗೆ ನನ್ನದನ್ನೇ ಸೇರಿಸಿಬಿಟ್ಟೆ:

ಮಂಡ್ಯದ ನಾಲೆಗೆ ನೀರು ಬಂತು,
ಏತದ ಮರ ಸುಮ್ಮನಾಯಿತು.
ಅಪ್ಪನ ಕಾಲು ಮಾತ್ರ ಇನ್ನೂ
ನಿದ್ದೆಯಲ್ಲೇ ಹತ್ತಿ ಇಳಿಯಿತು.

ಯಜಮಾನರು ಹಸ್ತಪ್ರತಿಯಲ್ಲಿ ಪ್ರಾಚೀನ ಕವಿಯನ್ನು ಕಂಡು ತಲೆದೂಗಿ ಮುಂದೆ ಓದಿದ್ದರಂತೆ. ಒಂದೊಂದೇ ಅಕ್ಷರ ಹಿಡಿದು ಓದುತ್ತಿದ್ದ ಸಾಬರು ಅಲ್ಲೇ ನಿಂತರು. ಪ್ರೂಫ್ ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದರು.

“ಅಲ್ಲಾ ಮೇಷ್ಟ್ರೇ, ಈ ಅಳೇ ಕಾಲದ ಕವಿ ನಮ್ ನಾಲೆ ಎಲ್ಲಿ ನೋಡ್ದ? ನೀರು ಬಂದು ಇನ್ನೂ ನಾಕು ವರ್ಸ ಆಗಿಲ್ಲ.”

ನಾನು ಬಾಗಿಲ ಕಡೆ ನೋಡಿ, ಪದ್ಯ ನನ್ನದೇ ಎಂದೆ.

“ನಿಮ್ಮಪ್ಪ ಏತ ತುಳಿದ್ರಾ?”

“ತುಳಿದರು, ನಮ್ಮೂರು ದುದ್ದದಲ್ಲಿ. ನಾಲೆ ಬರುವವರೆಗೂ ಬಾವಿಯ ನೀರೆತ್ತಲು ದಿನವಿಡೀ ಆ ಮರ ಹತ್ತಿ ಇಳಿಯುತ್ತಿದ್ದರು.”

“ಮತ್ತೆ ಅವ್ರ ಕಾಲ ಯಾವನೋ ಎಸರಿಲ್ದವನಿಗೆ ಯಾಕೆ ಕೊಟ್ರಿ?”

‘ಪ್ರಾಚೀನ ಕವಿಯೊಬ್ಬ ಹೇಳಿದಂತೆ’ ಎಂಬ ಸಾಲು ತೆಗೆದುಬಿಡಿ, ಪದ್ಯ ಇರಲಿ ಎಂದೆ. ಅವರು ನನ್ನನ್ನು ಒಮ್ಮೆ ನೋಡಿ, ಚಿಮಟದಲ್ಲಿ ಅದರ ಮೊಳೆಗಳನ್ನು ಒಂದೊಂದಾಗಿ ಕಿತ್ತರು.

ಅಚ್ಚಾದ ಹಾಳೆ ನೋಡಿ ಯಜಮಾನರು ಸಾಬರ ಮೇಲೆ ಕೂಗಾಡಿದರು. “ಕವಿ ಎಲ್ಲಯ್ಯಾ? ಇಡೀ ಸಾಲೇ ನುಂಗಿದ್ದೀಯ!”

ಸಾಬರು ಜೋಡಿಸಿದ್ದರಲ್ಲಿ ಸಾಲು ಬಿಟ್ಟುಹೋದದ್ದೇ ಇಲ್ಲವೆಂದು ಊರಿನಲ್ಲಿ ಹೆಸರಿತ್ತು. ಅವರಿಗಿದ್ದ ಹೆಮ್ಮೆಯೂ ಅದೊಂದೇ. ನಾನು ಅಲ್ಲೇ, ಕಾಗದದ ಕಟ್ಟುಗಳ ಪಕ್ಕದಲ್ಲಿದ್ದೆ. ಬಾಯಿ ತೆರೆದಿದ್ದರೆ ಪದ್ಯ ನನ್ನದೆಂದು ತಿಳಿದು ಪತ್ರಿಕೆಯಿಂದ ಪ್ರಬಂಧವೇ ಹೋಗುತ್ತಿತ್ತು.

“ಕಣ್ ತಪ್ತು ಬುದ್ಧೀ,” ಎಂದರು ಸಾಬರು.

“ವಯಸ್ಸಾಯ್ತು ಬುಡು ನಿಂಗೆ.”

ಮುಂದಿನ ತಿಂಗಳು ಅವರ ಜಾಗದಲ್ಲಿ ಬೇರೊಬ್ಬ ನಿಂತಿದ್ದ. ಸಾಬರು ಮೂಲೆಯಲ್ಲಿ ಕೂತು, ಬಳಸಿದ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಖಾನೆಗೆ ಹಾಕುತ್ತಿದ್ದರು. ನನ್ನನ್ನು ಕಂಡು ನಕ್ಕು, “ಬುಡಿ ಮೇಷ್ಟ್ರೇ, ಪದ್ಯ ಚೆಂದಾಗದೆ,” ಎಂದರು… ಹೀಗೆ ಎಷ್ಟೋ ಜನರಿಗೆ ಹೇಳಿದ್ದೇನೆ. ಅಂದದ್ದು ನಿಜವೇ? ನನ್ನ ಸಮಾಧಾನಕ್ಕೆ ನಾನೇ ಹಾಕಿಕೊಂಡ ಮಾತಿರಬೇಕು. ಅವರು ತಲೆ ಎತ್ತಲಿಲ್ಲ ಅನ್ನಿಸುತ್ತದೆ.

ಮಳವಳ್ಳಿಗೆ ವರ್ಗವಾಗಿ, ಬಹಳ ವರ್ಷಗಳ ಮೇಲೆ ಮಂಡ್ಯಕ್ಕೆ ಬಂದಾಗ ಅಚ್ಚುಕೂಟ ಮುಚ್ಚಿತ್ತು. ಸಾಬರು ತೀರಿಕೊಂಡಿದ್ದರು, ಯಜಮಾನರೂ. ಆ ಪದ್ಯ ನನ್ನದೆಂದು ಎಷ್ಟೋ ಸಭೆಗಳಲ್ಲಿ ಹೇಳಿಕೊಂಡು ಚಪ್ಪಾಳೆ ಪಡೆದಿದ್ದೇನೆ. ಸಾಲು ತೆಗೆಸಿದ್ದೂ ನಾನೇ ಎಂದು ಹೇಳುತ್ತಿರುವುದು ಇವತ್ತೇ ಮೊದಲು.