ಕೋಳಿಹೆಜ್ಜೆಯ ಲೋಟ

ಯಾರ ಮನೆಗೆ ಹೋದರೂ ಓಥಾ ಮಾವ ಕಾಫಿ ಕುಡಿದ ಮೇಲೆ ಲೋಟವನ್ನು ತಿರುವಿ ತಳ ನೋಡುತ್ತಿದ್ದ. ಪಿಂಗಾಣಿಯದಾದರೂ ಸರಿ, ಗಾಜಿನದಾದರೂ ಸರಿ. ಒಮ್ಮೆ ಚರ್ಚಿನ ಊಟದಲ್ಲಿ ಮಾತಿನ ಭರದಲ್ಲಿ ಕಾಫಿ ಇರುವಾಗಲೇ ತಿರುವಿ, ಪಾದ್ರಿಯ ಹೆಂಡತಿಯ ಬಿಳಿ ಉಡುಪಿನ ಮೇಲೆ ಪೂರ್ತಿ ಸುರಿದುಬಿಟ್ಟಿದ್ದ.

“ಓಥಣ್ಣ, ಆ ಲೋಟ ಅಂಗಡಿಯಿಂದ ತಂದೋಳೇ ನಾನು. ತಳದಲ್ಲಿ ಕಂಪನಿ ಹೆಸರು ಬಿಟ್ಟು ಇನ್ನೇನೂ ಇಲ್ಲ” ಎಂದು ಆಕೆ ಬಟ್ಟೆ ಒರೆಸಿಕೊಳ್ಳುತ್ತ ಹೇಳಿದಳು.

“ಇಲ್ಲ ಅಂತ ನೋಡದೇ ಹೇಗಮ್ಮಾ ಹೇಳೋದು?” ಎಂದ ಮಾವ. ಇಡೀ ಪಂಕ್ತಿ ನಕ್ಕಿತು.

ಓಥಾ ಬಾನರ್ ನನ್ನ ತಾಯಿಯ ಅಣ್ಣ. ಪೀಟರ್ಸ್‌ಬರ್ಗ್‌ನಿಂದ ದಕ್ಷಿಣಕ್ಕೆ, ಶೇಂಗಾ ಹೊಲಗಳ ನಡುವಿನ ಹಳ್ಳಿಗಳಿಗೆ ಮೂವತ್ತನಾಲ್ಕು ವರ್ಷ ಅಂಚೆ ಹಂಚಿದವನು. ನೂರು ವರ್ಷಕ್ಕೂ ಹಿಂದೆ, ಗುಲಾಮಗಿರಿಯ ವಿಚಾರಕ್ಕೆ ದೇಶದ ಉತ್ತರದವರೂ ದಕ್ಷಿಣದವರೂ ಕಾದಾಡಿದ ನೆಲ ಇದು. ಉತ್ತು ಬಿಟ್ಟ ಹೊಲದ ಮೇಲೆ ಮಳೆ ಬಿದ್ದರೆ ಇಂದಿಗೂ ಸೀಸದ ಗುಂಡುಗಳು ಮೇಲೆ ಬರುತ್ತವೆ. ನಮ್ಮ ಕಡೆ ಪ್ರತಿ ಅಡುಗೆಮನೆಯ ಕಿಟಕಿಯಲ್ಲೂ ಗುಂಡುಗಳ ಒಂದು ಜಾಡಿ ಇರುತ್ತದೆ. ಮಾವ ಅಂಚೆಯ ಜೊತೆಗೆ ಪ್ರತಿ ಮನೆಯಲ್ಲೂ “ನೆಲದಲ್ಲಿ ಏನಾದ್ರೂ ಸಿಕ್ತಾ?” ಎಂದು ಕೇಳುತ್ತಿದ್ದ. ಹಾಗೆ ಕೇಳಿ ಕೇಳಿಯೇ ಅವನ ಹಿತ್ತಿಲ ಕೋಣೆ ತುಂಬಿತ್ತು. ಹದ್ದಿನ ಚಿತ್ರದ ಗುಂಡಿಗಳು, ಸೊಂಟಪಟ್ಟಿಯ ಕೊಕ್ಕೆಗಳು, ಬಾಗಿದ ಬಂದೂಕುಚೂರಿಗಳು, ನೀರಿನ ಚಪ್ಪಟೆ ತಂಬಿಗೆಗಳು. ನೋಡಲು ಬಂದವರಿಗೆ ಎಲ್ಲವನ್ನೂ ಮನಸಾರೆ ತೋರಿಸುತ್ತಿದ್ದ. ಆದರೆ ಅವನಿಗೆ ಬೇಕಾದದ್ದು ಅದರಲ್ಲಿ ಯಾವುದೂ ಅಲ್ಲ.

ಬೇಕಾದದ್ದು ಒಂದು ಲೋಟ.

ಮಾವನ ಮುತ್ತಜ್ಜ ಇಸಾಕರ್ ಬಾನರ್ ಯಜಮಾನನ ಹಂದಿ ಕಾಯುತ್ತಿದ್ದ ಗುಲಾಮ. ಹಂದಿಗಳ ಕಿವಿಗೆ ಯಜಮಾನನ ಗುರುತು ಕತ್ತರಿಸುವುದು ಅವನ ಕೆಲಸ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಓಡಿಹೋಗಿ ಉತ್ತರದವರ ಸೈನ್ಯದ ಕರಿಯರ ದಳ ಸೇರಿದ. ಅಲ್ಲಿ ಕೊಟ್ಟ ಟಿನ್ ಲೋಟ ಅವನು ಬದುಕಿನಲ್ಲಿ ತನ್ನದು ಎಂದ ಮೊದಲ ವಸ್ತು. ಓದು ಬರಹ ಬಾರದು. ಹಾಗಾಗಿ ತಳದಲ್ಲಿ ಮೊಳೆಯಿಂದ ಒಂದು ಕೋಳಿಹೆಜ್ಜೆ ಗೀರಿಕೊಂಡ. ಒಂದು ದಿನ ಯಾವುದೋ ತೋಟದ ಬಾವಿಯಲ್ಲಿ ನೀರು ಕುಡಿಯುತ್ತಿದ್ದಾಗ ದಳದ ತುತ್ತೂರಿ ಮೊಳಗಿತು. ಲೋಟವನ್ನು ಕಟ್ಟೆಯ ಮೇಲೆ ಬಿಟ್ಟು ಓಡಿದ. ಸಾಯುವ ತನಕ ಯುದ್ಧದ ಮಾತು ಎತ್ತದ ಅವನು ಆ ಲೋಟದ ಮಾತನ್ನು ಮಾತ್ರ ಬಿಡಲಿಲ್ಲವಂತೆ. ಅವನ ಸೊಸೆ, ಅಂದರೆ ಮಾವನ ಅಜ್ಜಿ, ಅದನ್ನು ಮೊಮ್ಮಗನಿಗೆ ಹೇಳಿದ್ದಳು. ಇಸಾಕರನ ಒಂದು ಚಿತ್ರವೂ ಇಲ್ಲ, ಅವನ ಗೋರಿಗೆ ಕಲ್ಲಿಲ್ಲ. ಉಳಿದದ್ದು ಈ ಮಾತು ಒಂದೇ.

ಮಾವನಿಗೆ ಇಪ್ಪತ್ತೊಂಬತ್ತಾಗಿದ್ದಾಗ, ಅವನ ಅಂಚೆ ದಾರಿಯಲ್ಲಿದ್ದ ಟಿಟ್ಮಸ್ ಎಂಬ ರೈತ ತನ್ನ ಹಳೆಯ ಬಾವಿಯ ಹೂಳು ತೆಗೆಸಿದ. ಕೆಸರಿನಲ್ಲಿ ಒಂದು ಟಿನ್ ಲೋಟ ಬಂತು. “ನೀನು ಕೇಳ್ತಾನೇ ಇರ್ತೀಯಲ್ಲ, ತಗೋ” ಎಂದು ಅಂಚೆಗಾಡಿಯ ಕಿಟಕಿಯಲ್ಲಿ ಕೊಟ್ಟ. ಮಾವ ಅಲ್ಲೇ ತಿರುವಿ ನೋಡಿದನಂತೆ. ಬಾವಿ, ಟಿನ್ನು, ಸಿಪಾಯಿಯ ಲೋಟ. ಆದರೆ ತಳದ ಮೇಲೆ ತುಕ್ಕು ರೊಟ್ಟಿಯಷ್ಟು ದಪ್ಪವಾಗಿ ಕೂತಿತ್ತು.

ಆ ಕಾಲದಲ್ಲಿ ಇಂಥ ವಸ್ತು ಸಿಕ್ಕರೆ ಎಲ್ಲರೂ ಮಾಡುತ್ತಿದ್ದುದು ಒಂದೇ. ವಿನೆಗರಿನಲ್ಲಿ ನೆನೆಸಿ, ತಂತಿ ಬ್ರಷ್ಷಿನಿಂದ ಹೊಳೆಯುವ ತನಕ ಉಜ್ಜುವುದು. ಮಾವನಿಗೆ ಇದನ್ನು ಕಲಿಸಿದವನು ಡೆಲ್ಬರ್ಟ್ ಕ್ರೌಡರ್. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಬಿಳಿಯ. ಹಳೆಯ ಸಾಮಾನಿನ ಮೇಳಗಳಲ್ಲಿ ಮಾವನೊಬ್ಬನೇ ಕರಿಯನಾಗಿದ್ದ ಕಾಲದಲ್ಲಿ ಪಕ್ಕದ ಕುರ್ಚಿ ಎಳೆದು ಕೂರಿಸಿದವನು. ಬ್ರಷ್ಷನ್ನೂ ಅವನೇ ಕೊಟ್ಟಿದ್ದ. ಗುರುತು ಇದ್ದರೆ ಕಾಣಲಿ ಎಂದು ಮಾವ ಎರಡು ದಿನ ಕೂತು ಉಜ್ಜಿದ. ಲೋಟ ಕನ್ನಡಿಯಾಯಿತು. ತಳದಲ್ಲಿ ಏನೂ ಇರಲಿಲ್ಲ. ಡೆಲ್ಬರ್ಟ್‌ಗೆ ತೋರಿಸಿದಾಗ ಅವನು ತಳವನ್ನು ಒಮ್ಮೆ ನೋಡಿ, “ಉಜ್ಜೋಕೆ ಮುಂಚೆ ಬೆಳಕಿಗೆ ಓರೆ ಹಿಡಿದು ನೋಡಿದ್ಯಾ?” ಎಂದು ಕೇಳಿದ.

ನೋಡಿರಲಿಲ್ಲ. ಮೊಳೆಯ ಗೀರು ಕಬ್ಬಿಣದ ತಗಡಿನ ಮೇಲಿನ ತವರದ ಲೇಪದಷ್ಟೇ ಆಳ; ಲೇಪ ತುಕ್ಕಿನ ಜೊತೆಗೇ ಎದ್ದು ಹೋಗಿತ್ತು. ಅಲ್ಲಿ ಕೋಳಿಹೆಜ್ಜೆ ಇತ್ತೋ ಇರಲಿಲ್ಲವೋ ಹೇಳುವವರು ಇನ್ನು ಯಾರೂ ಇಲ್ಲ.

ಆಮೇಲಿನ ನಲವತ್ತೈದು ವರ್ಷ ಮಾವ ಹುಡುಕಿದ್ದು ಇದಕ್ಕೇ. ಕೋಳಿಹೆಜ್ಜೆಯ ಲೋಟ ಬೇರೆಲ್ಲಾದರೂ ಸಿಕ್ಕಿಬಿಟ್ಟರೆ, ತಾನು ಉಜ್ಜಿದ್ದು ಯಾರದೋ ಲೋಟ ಎಂದಾಗುತ್ತದೆ. ಸಿಗದಿದ್ದರೆ, ಮುತ್ತಜ್ಜ ಬಿಟ್ಟುಹೋದ ಒಂದೇ ಗುರುತನ್ನು ತನ್ನ ಕೈಯೇ ಅಳಿಸಿರಬಹುದು. ರಿಚ್‌ಮಂಡ್‌ನ ಮೇಳಕ್ಕೆ ಪ್ರತಿ ವರ್ಷ ಹೋಗುತ್ತಿದ್ದ. ಮೇಜಿಂದ ಮೇಜಿಗೆ ಲೋಟ ತಿರುವುತ್ತ ನಡೆಯುತ್ತಿದ್ದ. “ಬಂದ್ನಪ್ಪ ತಳ ನೋಡೋನು, ಹುಷಾರು, ನಿಮ್ಮ ಟೋಪಿನೂ ತಿರುವಿ ನೋಡ್ತಾನೆ!” ಎಂದು ವ್ಯಾಪಾರಿಗಳು ಕೂಗುತ್ತಿದ್ದರು. ಮಾವ ಟೋಪಿ ಎತ್ತಿ ನಮಸ್ಕರಿಸಿ ಮುಂದಕ್ಕೆ ಹೋಗುತ್ತಿದ್ದ. ಉಜ್ಜಿದ ಲೋಟವನ್ನು ಮಾತ್ರ ಹಳೆಯ ಅಂಗಿಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಿದ್ದ. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಅವನಿಗೆ ಎಪ್ಪತ್ನಾಲ್ಕಾದ ವರ್ಷ, ಒಂದು ಭಾನುವಾರ ಚರ್ಚು ಮುಗಿಸಿ ಬರುತ್ತಿದ್ದಂತೆ ಫೋನ್ ಬಂತು. ಡೆಲ್ಬರ್ಟ್.

“ಓಥಾ, ಬೇಗ ಬಾ. ಸಿಕ್ಕಿದೆ ಕಣೋ.”

ಮಾವ ಕೀಲಿಯನ್ನು ನನ್ನ ಕೈಗಿತ್ತ; ಕಾರನ್ನು ನಾನು ಓಡಿಸಿದೆ. ದಾರಿಯುದ್ದಕ್ಕೂ ಅವನು ಆಡಿದ್ದು ಎರಡೇ ಮಾತು. “ಲೆಟ್ಟಿ, ನಿಧಾನ. ಸಿಗೋದಾದ್ರೆ ಸಿಗ್ಲಿ, ಸಾಯೋದು ಬೇಡ.” ಮೂರು ನಿಮಿಷ ಬಿಟ್ಟು, “ಇನ್ನೂ ಸ್ವಲ್ಪ ಜೋರಾಗಿ ಹೋಗಬಹುದು” ಎಂದ.

ಡೆಲ್ಬರ್ಟ್ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಮೂಗಿಗೆ ಆಮ್ಲಜನಕದ ನಳಿಗೆ. ಹೆಚ್ಚು ದಿನ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ತೊಡೆಯ ಮೇಲೆ ತುಕ್ಕು ಹಿಡಿದ ಟಿನ್ ಲೋಟ. ಮಾವ ಬಾಗಿಲಿನಿಂದಲೇ ಕೈ ಚಾಚಿಕೊಂಡು ನಡೆದು ಹೋಗಿ ಅದನ್ನು ಎತ್ತಿ ತಿರುವಿದ. ಮೂರು ಬೆರಳು ಮುಂದೆ, ಒಂದು ಹಿಂದೆ. ಕೋಳಿಹೆಜ್ಜೆ.

ಮಾವ ಕಿಟಕಿಗೆ ಇನ್ನಷ್ಟು ಹತ್ತಿರ ಸರಿದ. ಲೋಟವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದ. ಆಮೇಲೆ ಬೆರಳಿಗೆ ಉಗುಳು ಹಚ್ಚಿ ಗೀರಿನ ಮೇಲೆ ಮೆಲ್ಲನೆ ಒರೆಸಿದ. ಬೆರಳಿಗೆ ಕಂದು ಬಣ್ಣ ಹತ್ತಿತು. ಬೂಟಿಗೆ ಹಚ್ಚುವ ಪಾಲಿಶ್. ಅದರಡಿಯಲ್ಲಿ ಗೀರು ಹೊಸ ಮೊಳೆಯಂತೆ ಹೊಳೆಯಿತು.

“ನೀನೇ ಗೀರಿದ್ದಾ?”

“ಏನ್ ಮಾತು ಅಂತ ಆಡ್ತೀಯೋ.”

“ಡೆಲ್ಬರ್ಟ್.”

ಡೆಲ್ಬರ್ಟ್ ಕಿಟಕಿಯ ಕಡೆ ತಿರುಗಿದ. “ಹೌದು ಕಣೋ. ಆ ದರಿದ್ರ ಬ್ರಷ್ ಕೊಟ್ಟೋನು ನಾನೇ ತಾನೇ? ಹೋಗೋಕ್ ಮುಂಚೆ ನಿನ್ನ ಕೈಯಲ್ಲಿ ಒಂದು ಲೋಟ ಇಡೋಣ ಅಂದ್ಕೊಂಡೆ.”

“ಬ್ರಷ್ ಕೊಟ್ಟೋನು ನೀನು. ಉಜ್ಜಿದೋನು ನಾನು.”

“ಸುಮ್ನೆ ನಂಬಿದ್ರೆ ನಿನ್ನ ಗಂಟೇನ್ ಹೋಗ್ತಿತ್ತು, ಮೊಂಡ?”

“ನಂಬಿದ್ನಲ್ಲೋ” ಎಂದ ಮಾವ. “ಆ ಬಾಗಿಲಿಂದ ಈ ಕುರ್ಚಿವರೆಗೂ ನಂಬಿದ್ದೆ.”

ಮಾವ ಕುರ್ಚಿ ಎಳೆದು ಡೆಲ್ಬರ್ಟ್‌ನ ಪಕ್ಕ ಕೂತ.

“ಮೊಳೆ ಎಲ್ಲಿದೆ? ಇದರ ಕೆಳಗೆ ನಿನ್ನ ಹೆಸರು ಹಾಕು. ಇಸವಿನೂ ಹಾಕು.”

“ಯಾಕೋ?”

“ನಾಳೆ ನಾವಿಬ್ರೂ ಇರಲ್ಲ. ನನ್ನಂಥ ಪಾಪದೋನೊಬ್ಬ ಇದನ್ನ ನಮ್ಮಜ್ಜಂದು ಅಂತ ಎದೆಗೆ ಅಪ್ಪಿಕೊಂಡ್ರೆ?”

ಡೆಲ್ಬರ್ಟ್ ಗೊಣಗುತ್ತಲೇ ಗೀರಿದ. ಎರಡು ಅಕ್ಷರ, ನಾಲ್ಕು ಅಂಕಿ. ಅವನ ಬೆರಳು ಜಾರಿದಾಗಲೆಲ್ಲ ಮಾವ ಲೋಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಮುಗಿದ ಮೇಲೆ, “ಕೋಳಿ ಚೆನ್ನಾಗಿದೆ, ಸ್ವಲ್ಪ ಕುಂಟುತ್ತೆ” ಎಂದ. ಡೆಲ್ಬರ್ಟ್ ನಗಲು ಹೋಗಿ ಕೆಮ್ಮಿದ. ಹೊರಡುವಾಗ ಮಾವ ಆ ಲೋಟವನ್ನು ಕೇಳಿಯೇ ತೆಗೆದುಕೊಂಡ.

ಮನೆಗೆ ಬಂದು ಅದನ್ನು ಹಿತ್ತಿಲ ಕೋಣೆಯ ಗುಂಡಿಗಳ ಪಕ್ಕ ಇಟ್ಟ. ಆಮೇಲೆ ಸ್ಟೂಲಿನ ಮೇಲೆ ಹತ್ತಿ ಕಪಾಟಿನಿಂದ ಅಂಗಿಯ ಗಂಟನ್ನು ಇಳಿಸಿದ. ಉಜ್ಜಿದ ಲೋಟ ಮಂಕಾಗಿತ್ತು. ಹೊಸ ತುಕ್ಕು ಚುಕ್ಕೆ ಚುಕ್ಕೆಯಾಗಿ ಹಿಡಿದಿತ್ತು. ಅದನ್ನು ನೀರಿನಲ್ಲಿ ತೊಳೆದ. ಬೆರಳು ಮಾತ್ರ ಆಡಿಸಿದ.

“ಲೆಟ್ಟಿ, ಕಾಫಿ ಇದ್ಯಾ?”

“ಇದಕ್ಕೆ ಹಾಕ್ಲಾ ಮಾವ? ಮುಟ್ಟಿದ್ರೇ ಬೈತಿದ್ಯಲ್ಲ.”

“ಮುತ್ತಜ್ಜ ನೀರು ಅರ್ಧ ಕುಡಿದು ಬಿಟ್ಟೋಡಿದ್ನಂತೆ. ಹಾಕು.”

ಹಾಕಿದೆ. ಹಿಡಿ ಸುಡುತ್ತಿತ್ತು. ಅಂಗಿಯ ತುದಿಯಲ್ಲಿ ಹಿಡಿದುಕೊಂಡು, ಹೊರಗಿನ ಶೇಂಗಾ ಹೊಲ ನೋಡುತ್ತ ಮಾವ ಕೊನೆಯ ಹನಿಯವರೆಗೂ ಕುಡಿದ. ಕುಡಿದ ಮೇಲೆ ಕೈ ತನ್ನಷ್ಟಕ್ಕೇ ಲೋಟವನ್ನು ತಿರುವಿತು. ಬರಿದಾದ ತಳದ ಮೇಲೆ ಹೆಬ್ಬೆರಳನ್ನು ಇಟ್ಟು ಹಾಗೇ ಕೂತ.

“ಏನಾದ್ರೂ ಇದ್ಯಾ ಮಾವ?” ಎಂದು ಕೇಳಿದೆ.

“ಬೆಚ್ಚಗಿದೆ” ಎಂದ.